ಓದಿದ್ದು 14, ಓಡಿದ್ದು 14

ಗೇಟು ತೆರೆಯುವ ಹೊತ್ತಿಗೆ ಕುಕ್ಕರಹಳ್ಳಿ ಕೆರೆಯ ನೀರಿಗೂ ಆಕಾಶಕ್ಕೂ ಒಂದೇ ಬಣ್ಣ. ನೀರಂಚಿನ ಮರಗಳು ಮೊದಲ ಸುತ್ತಿನಲ್ಲಿ ಬರೀ ಕಪ್ಪು ಮುದ್ದೆ. ಎರಡನೇ ಸುತ್ತಿಗೆ ಬರುವಷ್ಟರಲ್ಲಿ ಆ ಮುದ್ದೆಯೊಳಗಿಂದ ಕೊಂಬೆಗಳು ಬಿಡಿಸಿಕೊಂಡು, ಒಂದೊಂದರ ಮೇಲೂ ನೀರುಕಾಗೆಗಳು ರೆಕ್ಕೆ ಹರವಿ ಕೂತಿರುತ್ತವೆ. ಹೆಜ್ಜಾರ್ಲೆಯೊಂದು ಕಾಲು ಮುಂದೆ ಚಾಚಿ, ನೀರಿನ ಮೇಲೆ ಉದ್ದಕ್ಕೆ ಗೀರೆಳೆದು ಇಳಿಯುತ್ತದೆ. ಮಂಕಿ ಕ್ಯಾಪಿನ ಮೂವರು ಹಿರಿಯರು ದಾರಿ ತುಂಬ ನಡೆಯುತ್ತಿದ್ದವರು ಹೆಜ್ಜೆ ಸಪ್ಪಳ ಕೇಳಿ ಪಕ್ಕಕ್ಕೆ ಸರಿಯುತ್ತಾರೆ.

“ಬನ್ನಿ ಸಾರ್, ಇವತ್ತು ಎಷ್ಟು ರೌಂಡು?”

“ಮೂರು ಸಾರ್.”

ಸುತ್ತೊಂದಕ್ಕೆ ನಾಲ್ಕೂವರೆ ಕಿಲೋಮೀಟರಿನ ಆಸುಪಾಸು. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಕೆರೆ, ಕುವೆಂಪು ನಡೆದಾಡಿದ ದಂಡೆ. ಹತ್ತು ವರ್ಷದಿಂದ ನನ್ನ ಬೆಳಗೂ ಇಲ್ಲೇ ಆಗುತ್ತದೆ.

ಮನೆಗೆ ಬಂದು ಮೊದಲು ಮಾಡುವ ಕೆಲಸ ಡೈರಿ ತೆರೆಯುವುದು. ಬೆವರಿದ ಬೆರಳಿನಲ್ಲಿ ಬರೆದ ಅಕ್ಷರ, ‘ದ’ಕ್ಕೂ ‘ಡ’ಕ್ಕೂ ವ್ಯತ್ಯಾಸ ಸಾಲದು. ಒಂದು ಸಾಲಿನಲ್ಲಿ ಓಡಿದ್ದು 14, ಅದರ ಕೆಳಗೆ ಓದಿದ್ದು 14. ಮೊದಲನೆಯದು ಕಿಲೋಮೀಟರು, ಎರಡನೆಯದು ಪುಟ. ವಾರ ಕಳೆದು ತಿರುವಿದರೆ ಯಾವುದು ಯಾವುದೆಂದು ನನಗೇ ಅನುಮಾನ ಬರುತ್ತದೆ.

ಈ ವರ್ಷದ ಡೈರಿಯ ಮೊದಲ ಪುಟದಲ್ಲಿ ಎರಡೇ ಸಾಲು. ಮುಂಬೈಯ ಪೂರ್ತಿ ಮ್ಯಾರಥಾನನ್ನು ನಾಲ್ಕು ಗಂಟೆಯೊಳಗೆ ಓಡಬೇಕು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿ ಮುಗಿಸಬೇಕು.

ಎರಡರಲ್ಲೂ ನಾನು ಅರ್ಧದಾರಿಯಲ್ಲಿ ಸೋತವನು. ಕಳೆದ ಜನವರಿಯಲ್ಲಿ ಬೆಳಗಿನ ಜಾವದ ತಂಪಿಗೆ, ಸಾವಿರಾರು ಕಾಲುಗಳ ಹುರುಪಿಗೆ ಮೈಮರೆತೆ. ಮೊದಲ ಅರ್ಧ 1 ಗಂಟೆ 54 ನಿಮಿಷ. ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ಕೂಡಿಟ್ಟ ಗ್ಲೈಕೊಜೆನ್ ವೇಗ ಹೆಚ್ಚಿದಷ್ಟೂ ಬೇಗ ಕರಗುತ್ತದೆ. ಅದು ತೀರಿದ ಮೇಲೆ ಮನಸ್ಸು ಎಷ್ಟು ಹೇಳಿದರೂ ಕಾಲು ಕೇಳುವುದಿಲ್ಲ. ವಾಪಸು ಬರುವಾಗ, 35 ಕಿಲೋಮೀಟರ್ ದಾಟಿದ ಮೇಲೆ, ಪೆಡ್ಡರ್ ರೋಡಿನ ಏರು ಸಿಗುತ್ತದೆ. ಅಲ್ಲಿ ನಡೆದೆ. ಫುಟ್‌ಪಾತಿನಲ್ಲಿ ನಿಂತಿದ್ದ ಹುಡುಗಿಯೊಬ್ಬಳು ಸ್ಟೀಲ್ ತಟ್ಟೆ ಚಾಚಿದಳು. ಕಿತ್ತಳೆ ತೊಳೆಗಳು, ಪಕ್ಕದಲ್ಲಿ ಒಂದು ಚಿಟಿಕೆ ಉಪ್ಪು. ಆ ತೊಳೆಯ ತಣ್ಣನೆ ಇನ್ನೂ ನಾಲಿಗೆಯ ಮೇಲಿದೆ. ಮುಗಿಸಿದಾಗ 4 ಗಂಟೆ 23 ನಿಮಿಷ.

ಊರಿಗೆ ಬಂದ ಮೇಲೆ ಜಾಟೊಪೆಕ್ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ 5,000 ಮತ್ತು 10,000 ಮೀಟರ್ ಗೆದ್ದು, ಅದೇ ವಾರ ಜೀವನದ ಮೊದಲ ಮ್ಯಾರಥಾನಿಗೆ ನಿಂತ ಮನುಷ್ಯ. ದಾರಿಯಲ್ಲಿ ಆತ ಬ್ರಿಟನ್ನಿನ ಜಿಮ್ ಪೀಟರ್ಸ್‌ನನ್ನು ಈ ವೇಗ ಸರಿಯೇ ಎಂದು ಕೇಳಿದನಂತೆ. ಪೀಟರ್ಸ್ ಇದು ನಿಧಾನವಾಯಿತು ಅಂದನಂತೆ. ಜಾಟೊಪೆಕ್ ಮುಂದೆ ಹೋಗಿ ಗೆದ್ದ, ಪೀಟರ್ಸ್ ಓಟ ಮುಗಿಸಲೇ ಇಲ್ಲ. ಎಲ್ಲರೂ ನೆನೆಯುವುದು ಗೆದ್ದವನನ್ನು. ನನ್ನ ಜೀವ ಮಾತ್ರ ಪೀಟರ್ಸ್ ಕಡೆಗೇ ಎಳೆಯುತ್ತದೆ. ಆಗ ಜಗತ್ತಿನಲ್ಲೇ ಅತಿ ಕಡಿಮೆ ಸಮಯದಲ್ಲಿ ಮ್ಯಾರಥಾನ್ ಓಡಿದ್ದವನಿಗೂ ವೇಗದ ಅಳತೆ ತಪ್ಪಿತಲ್ಲ!

ಹಾಗಾಗಿ ಈ ವರ್ಷ ನಾನು ಕಲಿಯುತ್ತಿರುವುದು ಮೊದಲರ್ಧದಲ್ಲಿ ತಡೆದುಕೊಳ್ಳುವುದನ್ನು. ಕಿಲೋಮೀಟರಿಗೆ 5 ನಿಮಿಷ 41 ಸೆಕೆಂಡು. ಅದಕ್ಕಿಂತ ಜೋರಾಗಿ ಹೋಗಬಾರದು. ಹೋಗಬೇಕೆಂದು ಕಾಲು ತವಕಿಸುವಾಗ ಹಿಡಿದಿಡುವುದೇ ಕಷ್ಟ.

ಮಂಗಳವಾರ ಚಾಮುಂಡಿ ಬೆಟ್ಟದ ಮೆಟ್ಟಿಲು. ಮೊನ್ನೆ ಅರ್ಧ ಏರಿದ್ದಾಗ ಹೆಂಗಸೊಬ್ಬರು ಮೆಟ್ಟಿಲು ಮೆಟ್ಟಿಲಿಗೂ ಬಗ್ಗಿ ಅರಿಸಿನ ಕುಂಕುಮ ಇಡುತ್ತ ಹತ್ತುತ್ತಿದ್ದರು. ಎಡಗೈಯಲ್ಲಿ ಬಟ್ಟಲು, ಬಲಗೈಯ ಉಂಗುರ ಬೆರಳು ಕೆಂಪು. ಸೆರಗು ಜಾರಿದರೆ ನಿಂತು ಸಿಕ್ಕಿಸಿಕೊಂಡು, ಬಿಟ್ಟ ಮೆಟ್ಟಿಲಿಂದಲೇ ಮತ್ತೆ ಶುರು. ಸಾವಿರ ಮೆಟ್ಟಿಲು ಹೀಗೆಯೇ. ಅವರ ಉಸಿರು ಏರಿದ್ದು ನನಗೆ ಕೇಳಿಸಲಿಲ್ಲ. ಕುಂಕುಮ ತುಳಿಯದ ಹಾಗೆ ಅಂಚಿನಲ್ಲಿ ಕಾಲಿಟ್ಟು ದಾಟಿ, ನಂದಿಯವರೆಗೆ ಓಡುವುದನ್ನು ಬಿಟ್ಟು ನಡೆದೆ.

ಜನವರಿಗೆ ಮುಂಚೆ ಒಂದೇ ಸ್ಪರ್ಧೆ, ಶ್ರೀರಂಗಪಟ್ಟಣದ ಕಾವೇರಿ ಟ್ರೇಲ್ ಮ್ಯಾರಥಾನಿನಲ್ಲಿ ಅರ್ಧ ದೂರ. ರಂಗನತಿಟ್ಟಿನ ಬಳಿ ನಾಲೆ ಏರಿಯ ಮಣ್ಣುದಾರಿ. ಒಂದು ಕಡೆ ತುಂಬಿ ಹರಿಯುವ ನೀರು, ಇನ್ನೊಂದು ಕಡೆ ಗದ್ದೆ. ಮಳೆ ಬಂದರೆ ಬೂಟಿಗೆ ಕೆಸರು ಮೆತ್ತಿ ಕಾಲು ಭಾರ. ಅಭ್ಯಾಸಕ್ಕೆಂದು ಹೋಗಿದ್ದಾಗ ಸೋಪಾನದಲ್ಲಿ ಬಟ್ಟೆ ಒಗೆಯುತ್ತಿದ್ದ ತಾಯಿಯೊಬ್ಬರು ಕೂಗಿದ್ದರು: “ಉಸ್ರು ಕಟ್ಟತದೆ ಕಣಣ್ಣ, ವಸಿ ಕೂತ್ಕಂಡ್ ಹೋಗು.” ನಿಂತು ಕೈಮುಗಿದೆ.

ರಾತ್ರಿ ಊಟವಾದ ಮೇಲೆ ಪುಸ್ತಕ. ಎರಡು ಸಲ ಅದನ್ನು ನಡುವೆ ಬಿಟ್ಟಿದ್ದೇನೆ, ಮುಂದೇನು ಮುಂದೇನು ಎಂದು ಪುಟ ಹಾರಿಸಿ ದಾರಿ ತಪ್ಪಿ. ಈಗ ದಿನಕ್ಕೆ 14 ಪುಟ, ಒಂದೂ ಹೆಚ್ಚಿಲ್ಲ. ನಾಯಿಗುತ್ತಿ ತನ್ನ ನಾಯಿ ಹುಲಿಯನ ಜೊತೆ ಕಾಡುದಾರಿ ನಡೆಯುವಾಗ ನಾನೂ ಆ ನಡಿಗೆಗೇ ಓದುತ್ತೇನೆ. ಹೆಂಡತಿ ಕಾದಂಬರಿಯನ್ನು ಕಾಲೇಜಿನಲ್ಲೇ ಓದಿ ಮುಗಿಸಿದವಳು. ನಿನ್ನೆ ಗುರುತಿಗೆ ದಾರ ಇಟ್ಟು ಮುಚ್ಚುತ್ತ, “ಈ ಹುಲಿಯ ಕೊನೇ ತನಕ ಗುತ್ತಿ ಜೊತೇಲೇ ಇರ್ತಾನೆ ತಾನೆ?” ಎಂದು ಕೇಳಿದೆ.

ಅವಳು ಹಾಲಿಗೆ ಹೆಪ್ಪು ಹಾಕುತ್ತಿದ್ದಳು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಓದಿ ರೀ,” ಎಂದಳು.