ಎಣ್ಣೆ ಎಂಜಿನ್ನಿನ ಉಸಿರುಗೊಳವೆ

ಗುಂಡ್ಲುಪೇಟೆ ತಾಲ್ಲೂಕು ಮಳೆಯ ನೆರಳಿನ ಸೀಮೆಯಾದುದರಿಂದ ಅಲ್ಲಿಯ ರೈತರಿಗೆ ಬಾವಿಯ ನೀರೇ ಬಹುಮಟ್ಟಿಗೆ ಆಧಾರ. ಚಾಮರಾಜನಗರದ ಕಡೆ ಸುವರ್ಣಾವತಿ, ಚಿಕ್ಕಹೊಳೆ ಜಲಾಶಯಗಳ ನಾಲೆಗಳು ಮುಟ್ಟದ ಭೂಮಿಗಳ ಸ್ಥಿತಿಯೂ ಇಂತಹುದೇ. ಈಗ ಹೆಚ್ಚಿನ ಬಾವಿಗಳಲ್ಲಿ ವಿದ್ಯುತ್ ಮೋಟಾರುಗಳೇ ನೀರೆತ್ತುತ್ತಿದ್ದರೂ, ವಿದ್ಯುತ್ತು ಕೈಕೊಟ್ಟಾಗ ಅರಿಸಿನದ ಮಡಿಗಳನ್ನು ಉಳಿಸಿಕೊಳ್ಳಲು ಹಳೆಯ ಡೀಸೆಲ್ ಎಂಜಿನ್ನನ್ನೇ ನಂಬುವವರುಂಟು. ಇಂತಹ ಎಂಜಿನ್ನಿನ ಬುಡದಲ್ಲಿ ಕೀಲೆಣ್ಣೆ ಜಿನುಗಿ ನೆಲ ಕಪ್ಪಾಗಿರುವುದು ಸಾಮಾನ್ಯವಾದ ನೋಟ. ಸೀಲು ಸವೆದಿದೆಯೆಂದು ಭಾವಿಸಿ ಹಣ ತೆತ್ತು ಹೊಸದನ್ನು ಹಾಕಿಸುತ್ತಾರೆ. ಕೆಲವು ದಿನಗಳಲ್ಲಿಯೇ ಮತ್ತೆ ಜಿನುಗತೊಡಗುತ್ತದೆ. ಅನೇಕ ವೇಳೆ ದೋಷವು ಸೀಲಿನದಲ್ಲ, ಬ್ರೀದರ್ ಎಂಬ ಚಿಕ್ಕ ಉಸಿರುಗೊಳವೆಯದು.

ಪಿಸ್ಟನ್ನಿನ ಉಂಗುರಗಳು ಎಷ್ಟೇ ಬಿಗಿಯಾಗಿದ್ದರೂ ಉರಿದ ಅನಿಲದ ಅಲ್ಪ ಭಾಗವು ಅವುಗಳ ಸಂದಿನಿಂದ ನುಸುಳಿ, ಕ್ರ್ಯಾಂಕ್ ದಂಡವು ತಿರುಗುವ ಕೆಳಗಿನ ಪೆಟ್ಟಿಗೆಗೆ ಇಳಿಯುತ್ತದೆ. ಅದರೊಡನೆ ಮಸಿ, ಅರೆಬೆಂದ ಎಣ್ಣೆ, ನೀರಾವಿ ಇವೂ ಸೇರಿರುತ್ತವೆ. ಒಂದು ಲೀಟರು ಡೀಸೆಲ್ ಉರಿದರೆ ಸುಮಾರು ಒಂದು ಲೀಟರು ನೀರೇ ಆವಿಯಾಗಿ ಹುಟ್ಟುತ್ತದೆಂದರೆ ಹಲವರು ನಂಬಲಾರರು; ಆದರೂ ಅದು ನಿಜ. ಬಹುಭಾಗವು ಹೊಗೆಗೊಳವೆಯಲ್ಲಿ ಹೋಗುತ್ತದೆ. ಪೆಟ್ಟಿಗೆಯಲ್ಲಿ ತಂಗಿದ ಆವಿಯು, ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಮಂಜು ಕವಿಯುವ ಚಳಿಗಾಲದ ಬೆಳಗುಗಳಲ್ಲಿ ತಣ್ಣನೆಯ ಕಬ್ಬಿಣಕ್ಕೆ ತಗುಲಿ, ಹನಿಗಟ್ಟಿ, ಕೀಲೆಣ್ಣೆಯೊಡನೆ ಬೆರೆತು ಗಸಿಯಾಗುತ್ತದೆ. ಕಾಲು ಗಂಟೆ ನಡೆಸಿ ನಿಲ್ಲಿಸುವ ಎಂಜಿನ್ನು ಚೆನ್ನಾಗಿ ಕಾಯುವುದಿಲ್ಲವಾದುದರಿಂದ ಅದಕ್ಕೆ ಈ ಕೇಡು ಇನ್ನೂ ಹೆಚ್ಚು.

ಇಂಗ್ಲೆಂಡಿನ ಡರ್ಸ್‌ಲಿಯ ಲಿಸ್ಟರ್ ಮಾದರಿಯನ್ನನುಸರಿಸಿ ರಾಜಕೋಟೆಯಲ್ಲಿ ತಯಾರಾದ, ನಿಮಿಷಕ್ಕೆ ೬೫೦ ಸುತ್ತಿನ ಎಂಜಿನ್ನುಗಳಲ್ಲಿ ಈ ಗೊಳವೆಯ ಬಾಯಿಗೆ ಒಂದು ತೆಳುವಾದ ತಗಡಿನ ಕವಾಟವಿರುತ್ತದೆ. ಪಿಸ್ಟನ್ನು ಕೆಳಗಿಳಿದಾಗ ಪೆಟ್ಟಿಗೆಯ ಗಾಳಿ ಕವಾಟವನ್ನು ತಳ್ಳಿ ಹೊರಬೀಳುತ್ತದೆ. ಮೇಲೇರಿದಾಗ ಕವಾಟ ಮುಚ್ಚಿಕೊಳ್ಳುತ್ತದೆ. ಆದುದರಿಂದ ಪೆಟ್ಟಿಗೆಯೊಳಗಿನ ಒತ್ತಡವು ಹೊರಗಿನದಕ್ಕಿಂತ ಸ್ವಲ್ಪ ಕಡಿಮೆಯಾಗಿಯೇ ನಿಂತು, ಎಣ್ಣೆಯು ಹೊರಕ್ಕೆ ಬಾರದೆ ಒಳಗೇ ಉಳಿಯುತ್ತದೆ. ಬಹಳ ಸರಳವಾದ ಉಪಾಯ! ಆದರೆ ಧೂಳೂ ಗಸಿಯೂ ಮೆತ್ತಿ ತಗಡು ಅಂಟಿಕೊಂಡರೆ ಒತ್ತಡವು ದಾರಿ ಕಾಣದೆ, ಎಣ್ಣೆಯನ್ನು ಸಿಕ್ಕ ಸಂದಿಯಿಂದ ಹೊರದೂಡುತ್ತದೆ. ಎಣ್ಣೆ ಚಿಮ್ಮುವುದೆಂದು ಗೊಳವೆಗೆ ಬಟ್ಟೆ ತುರುಕುವುದು ರೋಗವನ್ನು ಬೆಳೆಸುವ ಚಿಕಿತ್ಸೆಯೇ ಸರಿ.

ಎಂಜಿನ್ನನ್ನು ನಿಲ್ಲಿಸಿ, ತಣಿದ ಮೇಲೆ, ಗೊಳವೆಯನ್ನೂ ಕವಾಟವನ್ನೂ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಬೇಕು. ತಗಡು ಡೊಂಕಾಗಿದ್ದರೆ ಬದಲಿಸಬೇಕು. ಅನಂತರ ಎಂಜಿನ್ನನ್ನು ನಡೆಸಿ ಗೊಳವೆಯ ಬಾಯನ್ನು ಗಮನಿಸುವುದು. ಮೆಲ್ಲಗೆ ಗಾಳಿ ಊದುತ್ತಿದ್ದರೆ ಚಿಂತೆಯಿಲ್ಲ. ಬಿಳಿಯ ಹೊಗೆ ಎಡೆಬಿಡದೆ ಬಲವಾಗಿ ನುಗ್ಗುತ್ತಿದ್ದರೆ ಉಂಗುರಗಳೋ ಸಿಲಿಂಡರೋ ಸವೆದಿವೆಯೆಂದು ತಿಳಿಯತಕ್ಕದ್ದು. ಆಗ ಎಷ್ಟು ಸೀಲು ಬದಲಿಸಿದರೂ ವ್ಯರ್ಥ. ಮುಚ್ಚಿದ ಪಂಪುಮನೆಯಲ್ಲಿ ಹೊಗೆಗೊಳವೆಯನ್ನು ಗೋಡೆಯಾಚೆಗೆ ಒಯ್ದವರೂ ಈ ಚಿಕ್ಕ ಗೊಳವೆಯ ವಿಷಗಾಳಿಯನ್ನು ಮರೆತಿರುತ್ತಾರೆ. ಕಿಟಕಿ ತೆರೆದಿರುವುದು ಅವಶ್ಯಕ.

ಮೋಟಾರುಗಾಡಿಗಳಲ್ಲಿಯೂ ಮೊದಲು ಈ ಗಾಳಿಯನ್ನು ರಸ್ತೆಗೇ ಬಿಡುತ್ತಿದ್ದರು. ಇದರಿಂದ ಊರಿನ ಗಾಳಿ ಕೆಡುವುದು ಕಂಡುಬಂದುದರಿಂದ, ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ೧೯೬೧ರಿಂದ ಹೊಸ ಕಾರುಗಳಲ್ಲಿ ಅದನ್ನು ಒಂದು ಕವಾಟದ ಮೂಲಕ ಮರಳಿ ಎಂಜಿನ್ನಿಗೇ ಎಳೆದು ಉರಿಸುವ ಏರ್ಪಾಡಾಯಿತು. ಇದನ್ನು ಕಂಡು ಹಳೆಯ ಡೀಸೆಲ್ ಎಂಜಿನ್ನಿನ ಬ್ರೀದರಿನಿಂದ ಗಾಳಿಯ ಜರಡಿಗೆ ರಬ್ಬರು ಕೊಳವೆ ಜೋಡಿಸುವುದು ಅಪಾಯಕರ. ಸವೆದ ಎಂಜಿನ್ನು ತನ್ನ ಕೀಲೆಣ್ಣೆಯನ್ನೇ ಕುಡಿದು ಉರಿಯತೊಡಗಿದರೆ, ಡೀಸೆಲನ್ನು ನಿಲ್ಲಿಸಿದರೂ ವೇಗ ಏರುತ್ತಲೇ ಹೋಗಿ ಯಂತ್ರವೇ ಒಡೆಯಬಹುದು. ಅಂತಹ ಸಮಯದಲ್ಲಿ ಗಾಳಿಯೊಳಬರುವ ಬಾಯಿಗೆ ಗಟ್ಟಿಯಾದ ಹಲಗೆಯನ್ನೊತ್ತಿ ಗಾಳಿಯನ್ನು ತಡೆಯಬೇಕು. ಅಂಗೈಯನ್ನಾಗಲಿ ಬಟ್ಟೆಯನ್ನಾಗಲಿ ಒಡ್ಡಕೂಡದು; ಎಳೆತವು ಬಹಳ ಬಲವಾಗಿರುತ್ತದೆ.