ಏರುದಾರಿಗೆ ಒಗ್ಗುವ ಸೈಕಲ್: ಅಜೆಕಾರು–ಕಾಪು ಸೀಮೆಯ ಸವಾರರಿಗೆ ಹೈಬ್ರಿಡ್ ಆಯ್ಕೆ

ದಿನನಿತ್ಯದ ಓಡಾಟಕ್ಕೆ ಸೈಕಲ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಸೀಟು ಎಷ್ಟು ಮೆತ್ತಗಿದೆ, ಮುಂದಿನ ಚಕ್ರಕ್ಕೆ ಶಾಕ್ ಇದೆಯೇ ಎಂಬ ಎರಡು ಸಂಗತಿಗಳನ್ನು. ಘಟ್ಟದ ತಪ್ಪಲಿನಿಂದ ಕಡಲತೀರದವರೆಗೆ ಏರುತ್ತ ಇಳಿಯುತ್ತ ಸಾಗುವ ಉಡುಪಿ ಜಿಲ್ಲೆಯಲ್ಲಿ ಸವಾರಿಯ ಸುಖವನ್ನು ನಿರ್ಧರಿಸುವುದು ಇವೆರಡಕ್ಕಿಂತ ಹೆಚ್ಚಾಗಿ ಗೇರು, ಟಯರು, ಬ್ರೇಕು ಮತ್ತು ಸವಾರನ ಮೈಯಳತೆ. ಕಾರ್ಕಳ ತಾಲೂಕಿನ ಅಜೆಕಾರಿನ ಸುತ್ತಲಿನ ದಾರಿಗಳು ಗುಡ್ಡ, ಕಾಡು, ಗದ್ದೆಗಳ ನಡುವೆ ಬಳಸಿಕೊಂಡು ಹೋಗುತ್ತವೆ. ಮಣಿಪಾಲವು ಉಡುಪಿ ಪೇಟೆಗಿಂತ ಎತ್ತರದ ಮುರಕಲ್ಲಿನ ಹಾಸಿನ ಮೇಲಿದೆ. ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಕಾಪು ಬಹುಮಟ್ಟಿಗೆ ಸಮತಟ್ಟಾದರೂ ಅಲ್ಲಿ ಉಪ್ಪುಗಾಳಿಯ ಕಾಟವಿದೆ. ಆದ್ದರಿಂದ ಒಂದೇ ಜಿಲ್ಲೆಯೊಳಗೂ ಎಲ್ಲರಿಗೂ ಹೊಂದುವ ಸೈಕಲ್ ಒಂದೇ ಆಗಿರಲಾರದು.

ನುಣುಪಾದ ಡಾಮರಿನ ಮೇಲೆ ವೇಗವಾಗಿ ಓಡುವ ರೋಡ್ ಬೈಕ್ ಮತ್ತು ಕಲ್ಲುಮಣ್ಣಿನ ದಾರಿಗೆಂದು ರೂಪುಗೊಂಡ ಮೌಂಟನ್ ಬೈಕ್ ಇವೆರಡರ ಗುಣಗಳನ್ನು ಬೆರೆಸಿ, 1980ರ ದಶಕದ ಕೊನೆಯ ಹೊತ್ತಿಗೆ ಪಾಶ್ಚಾತ್ಯ ಮಾರುಕಟ್ಟೆಯಲ್ಲಿ ನೆಲೆಯೂರಿದ ಬಗೆಯೇ ಹೈಬ್ರಿಡ್. ಇದರ ಚಕ್ರ ದೊಡ್ಡದು, ಟಯರು ಮಧ್ಯಮ ಅಗಲದ್ದು, ಹ್ಯಾಂಡಲ್ ನೇರವಾದದ್ದು. ಸವಾರ ತೀರಾ ಬಾಗದೆ ದಾರಿಯನ್ನು ನೋಡುತ್ತ ಕುಳಿತುಕೊಳ್ಳಬಹುದು. ಹೀರೋ, ಅಟ್ಲಾಸ್, ಹರ್ಕ್ಯುಲಿಸ್ ಕಂಪನಿಗಳ ಕಪ್ಪು ಸೈಕಲ್ಲುಗಳಲ್ಲಿಯೂ, 2006–07ರಿಂದ ರಾಜ್ಯ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಹಂಚತೊಡಗಿದ ಸೈಕಲ್ಲುಗಳಲ್ಲಿಯೂ ನೆಟ್ಟಗೆ ಕೂರುವ ಈ ಅನುಕೂಲವಿತ್ತು, ಆದರೆ ಗೇರು ಇರಲಿಲ್ಲ. ಕರಾವಳಿಯ ಏರುದಾರಿಯಲ್ಲಿ ಹೈಬ್ರಿಡ್ ಅವುಗಳಿಂದ ಬೇರೆಯಾಗುವುದು ಮುಖ್ಯವಾಗಿ ಇದೊಂದರಿಂದಲೇ.

ಪೆಡಲಿಗೆ ಅಂಟಿಕೊಂಡಿರುವ ಮುಂದಿನ ಹಲ್ಲುಚಕ್ರ ಮತ್ತು ಹಿಂದಿನ ಗಾಲಿಯ ಹಲ್ಲುಚಕ್ರಗಳ ನಡುವಿನ ಅನುಪಾತವೇ ಗೇರು. ಹಳೆಯ ಮಾದರಿಯ ಸೈಕಲ್ಲಿನಲ್ಲಿ ಸಾಮಾನ್ಯವಾಗಿ ಮುಂದೆ 44, ಹಿಂದೆ 18 ಹಲ್ಲುಗಳಿರುವುದರಿಂದ ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಸುಮಾರು 5.5 ಮೀಟರ್ ಮುಂದೆ ಸಾಗುತ್ತದೆ. ಮುಂದೆ 28, ಹಿಂದೆ 34 ಹಲ್ಲುಗಳ ಹಗುರ ಗೇರಿಗೆ ಇಳಿದ ಹೈಬ್ರಿಡ್ ಅದೇ ಒಂದು ಸುತ್ತಿಗೆ ಸುಮಾರು 1.8 ಮೀಟರ್ ಮಾತ್ರ ಸಾಗುತ್ತದೆ. ಏರನ್ನು ಗಂಟೆಗೆ 8 ಕಿ.ಮೀ. ವೇಗದಲ್ಲಿ ಹತ್ತುವಾಗ ಮೊದಲನೆಯದರಲ್ಲಿ ನಿಮಿಷಕ್ಕೆ ಸುಮಾರು 24 ಸುತ್ತು ಬಲವಾಗಿ ಒತ್ತಬೇಕಾದರೆ, ಎರಡನೆಯದರಲ್ಲಿ 74 ಸುತ್ತು ಹಗುರವಾಗಿ ತುಳಿದರೆ ಸಾಕು. ಗುಡ್ಡ ಹತ್ತಲು ಬೇಕಾದ ಒಟ್ಟು ಶ್ರಮ ಹೆಚ್ಚುಕಡಿಮೆ ಅಷ್ಟೇ ಆಗಿದ್ದರೂ ಪ್ರತಿ ತುಳಿತದಲ್ಲಿ ಮೊಣಕಾಲಿನ ಮೇಲೆ ಬೀಳುವ ಹೊರೆ ಮೂರನೆಯ ಒಂದು ಪಾಲಿಗೆ ಇಳಿಯುವುದರಿಂದ, ಇಳಿದು ತಳ್ಳಬೇಕಾದ ದಾರಿಯನ್ನು ಕುಳಿತೇ ಹತ್ತುವುದು ಸಾಧ್ಯವಾಗುತ್ತದೆ.

ಹೀಗಿರುವಾಗ ಗೇರುಗಳು ಇಪ್ಪತ್ತೊಂದೋ ಒಂಬತ್ತೋ ಎಂದು ಎಣಿಸುವುದರಿಂದ ಪ್ರಯೋಜನ ಕಡಿಮೆ. ಮುಂದೆ ಮೂರು, ಹಿಂದೆ ಏಳು ಹಲ್ಲುಚಕ್ರಗಳ ಸೈಕಲ್ಲಿನಲ್ಲಿ ಹಲವು ಜೋಡಿಗಳು ಹತ್ತಿರ ಹತ್ತಿರದ ಅನುಪಾತವನ್ನೇ ಕೊಡುತ್ತವೆ. ನೋಡಬೇಕಾದದ್ದು ಅತಿ ಹಗುರ ಗೇರನ್ನು: ಹಿಂದಿನ ಅತಿ ದೊಡ್ಡ ಚಕ್ರದ ಹಲ್ಲುಗಳು ಮುಂದಿನ ಅತಿ ಚಿಕ್ಕದರ ಹಲ್ಲುಗಳಿಗಿಂತ ಕಡಿಮೆ ಇರಬಾರದು ಎಂಬ ಸರಳ ನಿಯಮ ಅಜೆಕಾರು, ಕಾರ್ಕಳ, ಮಣಿಪಾಲದಂಥ ಕಡೆ ಸಾಲುತ್ತದೆ. ಸೈಕಲ್ಲಿನ ತೂಕಕ್ಕೆ ಜಾಹೀರಾತುಗಳು ಕೊಡುವಷ್ಟು ಮಹತ್ವವನ್ನು ಕೊಡಬೇಕಾಗಿಲ್ಲ. 65 ಕಿಲೋ ತೂಗುವ ಸವಾರ 20 ಕಿಲೋದ ಸೈಕಲ್ ಬಿಟ್ಟು 14 ಕಿಲೋದ್ದನ್ನು ಹಿಡಿದರೆ ಏರಿಸಬೇಕಾದ ಒಟ್ಟು ಭಾರದಲ್ಲಿ ಕಡಿಮೆಯಾಗುವುದು ಶೇ 7ರಷ್ಟು ಮಾತ್ರ.

ಎರಡನೆಯ ಸಂಗತಿ ಟಯರು. ಅದರ ಬದಿಯಲ್ಲಿ 700×38ಸಿ ಎಂದು ಅಚ್ಚಾಗಿದ್ದರೆ 38 ಎಂಬುದು ಮಿಲಿಮೀಟರಿನಲ್ಲಿ ಅದರ ಅಗಲ. ಡಾಮರು ಮುಗಿದು ಜಲ್ಲಿ, ಮಣ್ಣು, ಮನೆಯಂಗಳದ ಮುರಕಲ್ಲು ಎದುರಾಗುವ ದಾರಿಗಳಿಗೆ 38ರಿಂದ 42 ಮಿ.ಮೀ. ಅಗಲ ಹೊಂದುತ್ತದೆ; ಅಗಲವಾದ ಟಯರಿನಲ್ಲಿ ಗಾಳಿಯ ಒತ್ತಡವನ್ನು ತುಸು ಕಡಿಮೆ ಇಡಬಹುದಾದ್ದರಿಂದ ಸಣ್ಣಪುಟ್ಟ ಕುಲುಕಾಟವನ್ನು ಅದೇ ನುಂಗಿಕೊಳ್ಳುತ್ತದೆ. ಕಡಿಮೆ ಬೆಲೆಯ ಶಾಕ್ ಇದೇ ಕೆಲಸವನ್ನು ಹೆಚ್ಚಿನ ತೂಕದೊಂದಿಗೆ ಮಾಡುತ್ತದೆ, ಏರಿನಲ್ಲಿ ಎದ್ದು ತುಳಿದಾಗ ಕುಗ್ಗಿ ಶಕ್ತಿಯನ್ನು ವ್ಯರ್ಥಗೊಳಿಸುತ್ತದೆ, ಕೆಸರುನೀರು ಹೊಕ್ಕರೆ ಬೇಗ ಸವೆಯುತ್ತದೆ. ಆದ್ದರಿಂದ ಶಾಕ್ ಇಲ್ಲದ ಗಟ್ಟಿ ಫೋರ್ಕು, ಅಗಲ ಟಯರು ಇರುವ ಸೈಕಲ್ ಇಲ್ಲಿ ಕೀಳಾದ ಆಯ್ಕೆಯಲ್ಲ.

ವರ್ಷಕ್ಕೆ 4,000 ಮಿ.ಮೀ.ನಷ್ಟು ಮಳೆ, ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುವ ನೆಲದಲ್ಲಿ ಬ್ರೇಕಿನ ವಿಚಾರ ಆರಾಮಕ್ಕಷ್ಟೇ ಅಲ್ಲ, ಜೀವಕ್ಕೂ ಸಂಬಂಧಿಸಿದ್ದು. ರಬ್ಬರು ತುಂಡುಗಳು ರಿಮ್ಮನ್ನು ಹಿಡಿಯುವ ಬ್ರೇಕಿನಲ್ಲಿ, ನೀರು ಒರೆಸಿಹೋಗುವವರೆಗೆ ಹಿಡಿತ ಸಡಿಲವಾಗಿರುತ್ತದೆ ಮತ್ತು ಕೆಸರಿನ ಹರಳುಗಳು ರಿಮ್ಮನ್ನೇ ಉಜ್ಜಿ ತೆಳುವಾಗಿಸುತ್ತವೆ. ಗಾಲಿಯ ನಡುವಿನ ತಟ್ಟೆಯನ್ನು ಹಿಡಿಯುವ ಡಿಸ್ಕ್ ಬ್ರೇಕಿಗೆ ರಸ್ತೆಯ ನೀರು, ಕೆಸರು ಅಷ್ಟಾಗಿ ತಾಗುವುದಿಲ್ಲ. ಮಣಿಪಾಲದ ಇಳಿಜಾರನ್ನು ಮಳೆಯಲ್ಲಿಯೂ ಇಳಿಯಬೇಕಾದವರಿಗೆ ಡಿಸ್ಕ್ ಸೂಕ್ತ. ಅದರಲ್ಲಿ ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಬಗೆ ಬೆರಳಿಗೆ ಹಗುರವಾದರೂ, ತಂತಿ ಎಳೆದು ನಡೆಯುವ ಮೆಕ್ಯಾನಿಕಲ್ ಬಗೆಯನ್ನು ಊರಿನ ಸಾಮಾನ್ಯ ಸೈಕಲ್ ಅಂಗಡಿಯಲ್ಲಿಯೂ ಸರಿಪಡಿಸಿಕೊಳ್ಳುವುದು ಸುಲಭ.

ಮೈಯಳತೆ ತಪ್ಪಿದರೆ ಇವೆಲ್ಲವೂ ನಿಷ್ಫಲ. ಸೈಕಲ್ಲಿನ ನಡುದಂಡದ ಎರಡೂ ಬದಿಗೆ ಕಾಲಿಟ್ಟು ನಿಂತಾಗ ದಂಡಕ್ಕೂ ತೊಡೆಸಂದಿಗೂ 3ರಿಂದ 5 ಸೆಂ.ಮೀ. ಅಂತರವಿರಬೇಕು, ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಕೆಳಗಿಳಿದ ಪೆಡಲಿನ ಮೇಲಿಟ್ಟಾಗ ಕಾಲು ನೇರವಾಗಬೇಕು, ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ತುಸುವೇ ಬಾಗಿರುತ್ತದೆ. ಎರಡೂ ಪಾದಗಳು ಪೂರ್ತಿ ನೆಲಕ್ಕೆ ತಾಗಲೆಂದು ಸೀಟನ್ನು ತಗ್ಗಿಸುವ ರೂಢಿಯೇ ಅನೇಕರ ಮೊಣಕಾಲು ನೋವಿಗೆ ಮೂಲ. ಹ್ಯಾಂಡಲ್ ಸೀಟಿನ ಮಟ್ಟದಲ್ಲಿ ಅಥವಾ ಸ್ವಲ್ಪ ಮೇಲಿದ್ದು, ಮೊಣಕೈ ಬಿಗಿಯಾಗದೆ ಕೈಗೆ ಸಿಗಬೇಕು. ಅತಿ ಮೆತ್ತನೆಯ ಸೀಟಿನಲ್ಲಿ ಕೂರುವ ಮೂಳೆಗಳು ಹೂತುಹೋಗಿ ಅವುಗಳ ನಡುವಿನ ಮೃದುಭಾಗದ ಮೇಲೆ ಒತ್ತಡ ಬೀಳುವುದರಿಂದ, ಆ ಮೂಳೆಗಳಿಗೆ ಆಧಾರವಾಗುವಷ್ಟು ಅಗಲವಿದ್ದು ಮಿತವಾಗಿ ಗಟ್ಟಿಯಾಗಿರುವ ಸೀಟೇ ದೂರದ ದಾರಿಗೆ ಹಿತ.

ಉದ್ದನೆಯ ಮಡ್‌ಗಾರ್ಡು, ಕ್ಯಾರಿಯರು, ಸ್ಟ್ಯಾಂಡು ಮತ್ತು ಹಿಂದುಮುಂದಿನ ದೀಪಗಳನ್ನು ಅನೇಕ ಹೈಬ್ರಿಡ್‌ಗಳ ಜೊತೆ ಕೊಡುವುದಿಲ್ಲ. ಅವುಗಳನ್ನು ಬಿಗಿಯಲು ಚೌಕಟ್ಟಿನಲ್ಲಿ ತೂತುಗಳಿವೆಯೇ ಎಂದು ಕೊಳ್ಳುವ ಮೊದಲೇ ನೋಡಬೇಕು, ಖರ್ಚನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕಬೇಕು. ಅಲ್ಯೂಮಿನಿಯಂ ಚೌಕಟ್ಟಿಗೆ ಕಬ್ಬಿಣದಂತೆ ತುಕ್ಕು ಹಿಡಿಯದಿದ್ದರೂ ಚೈನು, ತಂತಿ, ಬೋಲ್ಟುಗಳನ್ನು ಕಾಪುವಿನ ಉಪ್ಪುಗಾಳಿಯೂ ಅಜೆಕಾರಿನ ಮಳೆಯೂ ಬಿಡುವುದಿಲ್ಲ. ಒದ್ದೆಯಾದ ದಿನ ಚೈನನ್ನು ಒರೆಸಿ ಎಣ್ಣೆ ಬಿಡುವುದು, ಮಳೆಗಾಲಕ್ಕೆ ಮುಂಚೆ ಪತ್ತನಾಜೆಯ ಹೊತ್ತಿಗೆ ಬ್ರೇಕನ್ನು ಅಂಗಡಿಯಲ್ಲಿ ತೋರಿಸಿಕೊಳ್ಳುವುದು ಅಗತ್ಯ.

ಕೊನೆಗೆ, ಸೈಕಲ್ಲನ್ನು ಆರಿಸಬೇಕಾದದ್ದು ದಿನದ ದಾರಿಯ ಅತಿ ಕಷ್ಟದ ಭಾಗವನ್ನು ಮುಂದಿಟ್ಟುಕೊಂಡು, ಏಕೆಂದರೆ ಸುಲಭದ ಭಾಗವನ್ನು ಯಾವ ಸೈಕಲ್ ಆದರೂ ದಾಟಿಸುತ್ತದೆ. ಕಾಪುವಿನ ಸಮತಟ್ಟು ಬೀದಿಯಲ್ಲಿ ಎರಡು–ಮೂರು ಕಿಲೋಮೀಟರ್ ಮಾತ್ರ ಓಡಾಡುವವರಿಗೆ ಗೇರಿಲ್ಲದ ಕಪ್ಪು ಸೈಕಲ್ಲೇ ಸಾಕಾಗಬಹುದು. ಗುಡ್ಡದ ಮೇಲೆ ಮನೆಯಿರುವವರು ಹಣ ಕೊಡುವ ಮುನ್ನ ಅಂಗಡಿಯ ಹತ್ತಿರದ ಒಂದು ಏರನ್ನು ಕುಳಿತೇ ಹತ್ತಿ, ಇಳಿಯುತ್ತ ಬ್ರೇಕು ಹಿಡಿದು ನೋಡುವುದು ಒಳ್ಳೆಯದು. ಬೇಸಗೆಯಲ್ಲಿ ಕೊಂಡ ಸೈಕಲ್ ಆಟಿ ತಿಂಗಳ ಮಳೆಯಲ್ಲಿಯೂ ಮನೆಯಿಂದ ಹೊರಬೀಳುವಂತಿದ್ದರೆ ಆಯ್ಕೆ ಸರಿಯಾಗಿದೆ ಎಂದು ತಿಳಿಯಬಹುದು.