ಒಂದು ಕಾರ್ಡ್, ಹಲವು ರೈಲು ಸಂಸ್ಥೆಗಳು: ಜಪಾನಿನ ಅನುಭವ ಕಲಿಸುವ ಲೆಕ್ಕ

ಒಂದು ರೈಲು ಸಂಸ್ಥೆ ವಿತರಿಸಿದ ಸ್ಮಾರ್ಟ್‌ಕಾರ್ಡನ್ನು ಮತ್ತೊಂದು ಸಂಸ್ಥೆಯ ನಿಲ್ದಾಣವೂ ಸ್ವೀಕರಿಸಬೇಕಾದರೆ ಏನೇನು ಅಗತ್ಯ? ಇದು ಯಂತ್ರ ಹಾಗೂ ಚಿಪ್‌ಗಳಿಗೆ ಸೇರಿದ ವಿಷಯವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಯಾರ ಹಣ ಯಾರ ಬಳಿ ಇದೆ, ಯಾರು ಯಾರಿಗೆ ಕೊಡಬೇಕು, ಯಂತ್ರಗಳ ವೆಚ್ಚವನ್ನು ಯಾರು ಭರಿಸಬೇಕು ಎಂಬ ಪ್ರಶ್ನೆಗಳೇ ಇಲ್ಲಿ ಹೆಚ್ಚು ಜಟಿಲವಾದವು. ಇವು ವರ್ತಕರಿಗೂ ಸಣ್ಣ ಉದ್ಯಮಿಗಳಿಗೂ ಚಿರಪರಿಚಿತ ಪ್ರಶ್ನೆಗಳಾದ ಕಾರಣ, ಜಪಾನಿನ ಅನುಭವವನ್ನು ಇಲ್ಲಿ ಪರಿಶೀಲಿಸಲಾಗಿದೆ.

ಹಿನ್ನೆಲೆ

ಜಪಾನಿನ ರಾಷ್ಟ್ರೀಯ ರೈಲ್ವೆಯನ್ನು 1987ರಲ್ಲಿ ಆರು ಪ್ರಾದೇಶಿಕ ಪ್ರಯಾಣಿಕ ಸಂಸ್ಥೆಗಳು ಹಾಗೂ ಒಂದು ಸರಕು ಸಂಸ್ಥೆಯಾಗಿ ವಿಭಜಿಸಲಾಯಿತು. ಇವುಗಳ ಜೊತೆಗೆ ಅಲ್ಲಿ ಅನೇಕ ಖಾಸಗಿ ರೈಲು ಸಂಸ್ಥೆಗಳೂ ನಗರ ಮೆಟ್ರೊಗಳೂ ಇವೆ. ಟೋಕಿಯೊ ಪ್ರದೇಶದ ಜೆಆರ್ ಈಸ್ಟ್ ಸಂಸ್ಥೆಯು 2001ರ ನವೆಂಬರಿನಲ್ಲಿ 'ಸುಯಿಕಾ' ಕಾರ್ಡನ್ನೂ, ಒಸಾಕಾ ಪ್ರದೇಶದ ಜೆಆರ್ ವೆಸ್ಟ್ ಸಂಸ್ಥೆಯು 2003ರಲ್ಲಿ 'ಇಕೋಕಾ' ಕಾರ್ಡನ್ನೂ ಜಾರಿಗೆ ತಂದವು. 2004ರಲ್ಲಿ ಇವೆರಡೂ ಪರಸ್ಪರ ಮಾನ್ಯವಾದವು. 2007ರಲ್ಲಿ ಟೋಕಿಯೊದ ಖಾಸಗಿ ರೈಲು ಹಾಗೂ ಬಸ್ ಸಂಸ್ಥೆಗಳ 'ಪಾಸ್ಮೊ' ಬಂದಿತು. ಅಂತಿಮವಾಗಿ 2013ರ ಮಾರ್ಚ್ 23ರಂದು ದೇಶದ 10 ಪ್ರಮುಖ ಕಾರ್ಡುಗಳು ಪರಸ್ಪರ ಮಾನ್ಯತೆ ಪಡೆದವು. ಈ ಹತ್ತೂ ಕಾರ್ಡುಗಳು ಸೋನಿ ಸಂಸ್ಥೆಯ 'ಫೆಲಿಕಾ' ತಂತ್ರಜ್ಞಾನವನ್ನೇ ಆಧರಿಸಿದ್ದವು. ಹಾಗಿದ್ದೂ ಸುಯಿಕಾದಿಂದ ಈ ಹಂತವನ್ನು ತಲಪಲು 11 ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು ಎಂಬುದು ಗಮನಾರ್ಹ.

ಹಣದ ಲೆಕ್ಕ

ಒಂದು ಉದಾಹರಣೆಯನ್ನು ಗಮನಿಸೋಣ. ಪ್ರಯಾಣಿಕನೊಬ್ಬ ಟೋಕಿಯೊದಲ್ಲಿ ತನ್ನ ಸುಯಿಕಾ ಕಾರ್ಡಿಗೆ 2,000 ಯೆನ್ ತುಂಬುತ್ತಾನೆಂದು ಭಾವಿಸಿರಿ. ಜೆಆರ್ ಈಸ್ಟ್ ಸಂಸ್ಥೆಗೆ ಇದು ಆದಾಯವಲ್ಲ. ಗ್ರಾಹಕರಿಂದ ಬಂದ ಮುಂಗಡ, ಅಂದರೆ ಹೊಣೆಗಾರಿಕೆ. ಆತ ಒಸಾಕಾಕ್ಕೆ ಹೋಗಿ ಜೆಆರ್ ವೆಸ್ಟ್ ರೈಲಿನಲ್ಲಿ 200 ಯೆನ್ ದರದ ಪ್ರಯಾಣ ಮಾಡಿದರೆ, ಆ 200 ಯೆನ್ ಜೆಆರ್ ವೆಸ್ಟ್‌ನ ಆದಾಯವಾಗುತ್ತದೆ. ಹಣ ಮಾತ್ರ ಇನ್ನೂ ಟೋಕಿಯೊದಲ್ಲಿಯೇ ಇರುತ್ತದೆ. ಆದ್ದರಿಂದ ಸಂಸ್ಥೆಗಳು ಇಂತಹ ವ್ಯವಹಾರಗಳನ್ನು ಒಟ್ಟುಗೂಡಿಸಿ ತಮ್ಮೊಳಗೆ ತೀರುವಳಿ ಮಾಡಿಕೊಳ್ಳಬೇಕಾಗುತ್ತದೆ. ಖರ್ಚಾಗದೆ ಉಳಿದ ಮುಂಗಡ ಕಾರ್ಡ್ ವಿತರಿಸಿದ ಸಂಸ್ಥೆಯ ಬಳಿಯೇ ಇರುವುದರಿಂದ, ಹೆಚ್ಚು ಕಾರ್ಡ್ ವಿತರಿಸಿದವರಿಗೆ ಹೆಚ್ಚು ಅನುಕೂಲ.

ಉದ್ರಿಯ ವಿಷಯ ಇನ್ನೂ ಸೂಕ್ಷ್ಮವಾದದ್ದು. ಒಸಾಕಾ ಪ್ರದೇಶದ 'ಪಿತಾಪಾ' ಕಾರ್ಡಿನಲ್ಲಿ ಮೊದಲು ಪ್ರಯಾಣ, ಅನಂತರ ಬ್ಯಾಂಕ್ ಖಾತೆಯಿಂದ ಪಾವತಿ. ಟೋಕಿಯೊದಂತಹ ಇತರ ಪ್ರದೇಶಗಳಲ್ಲಿ ಇದೇ ಕಾರ್ಡನ್ನು ಬಳಸಬೇಕಾದರೆ ಮುಂಚಿತವಾಗಿ ಹಣ ತುಂಬಿರಬೇಕು. ತನ್ನ ಊರಿನಲ್ಲಿ ಉದ್ರಿ, ಪರ ಊರಿನಲ್ಲಿ ನಗದು ಎಂಬ ವ್ಯಾಪಾರಿ ನಿಯಮವನ್ನೇ ಇದು ಹೋಲುತ್ತದೆ.

ದರಪಟ್ಟಿಯ ಮಿತಿಯೂ ಇದೆ. ಒಂದು ಪ್ರದೇಶದಲ್ಲಿ ದ್ವಾರ ಪ್ರವೇಶಿಸಿ ಬೇರೊಂದು ಪ್ರದೇಶದಲ್ಲಿ ಹೊರಬರುವ ಪ್ರಯಾಣಕ್ಕೆ ಈ ಪರಸ್ಪರ ಮಾನ್ಯತೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಕಾರ್ಡ್ ಎರಡೂ ಕಡೆ ನಡೆಯುತ್ತದೆ. ನಡುವಿನ ದೂರ ಪ್ರಯಾಣಕ್ಕೆ ಪ್ರತ್ಯೇಕ ಟಿಕೆಟ್ ಬೇಕು.

ಸಣ್ಣ ಸಂಸ್ಥೆಗಳ ಮೇಲಿನ ಹೊರೆ

ಸಮಾನ ವ್ಯವಸ್ಥೆಗೆ ಸೇರಿದ ಪ್ರತಿಯೊಂದು ಸಂಸ್ಥೆಯೂ ನಿಗದಿತ ಗುಣಮಟ್ಟದ ಯಂತ್ರಗಳನ್ನು ಹೊಂದಿರಬೇಕು ಮತ್ತು ಕಾಲಕಾಲಕ್ಕೆ ಅವನ್ನು ಬದಲಿಸಬೇಕು. ಕುಮಾಮೊಟೊ ಪ್ರಾಂತ್ಯದಲ್ಲಿ ಬಸ್ ಹಾಗೂ ರೈಲು ನಡೆಸುವ ಐದು ಸಂಸ್ಥೆಗಳು 2024ರ ನವೆಂಬರಿನಲ್ಲಿ ಈ ರಾಷ್ಟ್ರವ್ಯಾಪಿ ಕಾರ್ಡುಗಳ ಸ್ವೀಕಾರವನ್ನೇ ನಿಲ್ಲಿಸಿದವು. ಯಂತ್ರಗಳ ನವೀಕರಣಕ್ಕೆ ಸುಮಾರು 121 ಕೋಟಿ ಯೆನ್ ಬೇಕಾಗಿತ್ತು. ಬ್ಯಾಂಕ್ ಕಾರ್ಡುಗಳನ್ನು ಸ್ವೀಕರಿಸುವ ಬದಲಿ ವ್ಯವಸ್ಥೆಗೆ ಸುಮಾರು 67 ಕೋಟಿ ಯೆನ್ ಸಾಕಾಗುತ್ತಿತ್ತು. ತಂತ್ರಜ್ಞಾನ ಯಶಸ್ವಿಯಾಗಿದ್ದರೂ ಅದರ ವೆಚ್ಚ ಸಣ್ಣ ಸಂಸ್ಥೆಗಳ ಶಕ್ತಿಯನ್ನು ಮೀರಿತು.

ನಮ್ಮಲ್ಲಿ

ಭಾರತ ಬೇರೊಂದು ದಾರಿಯನ್ನು ಆರಿಸಿಕೊಂಡಿದೆ. 2019ರ ಮಾರ್ಚ್ 4ರಂದು ಆರಂಭವಾದ ನ್ಯಾಷನಲ್ ಕಾಮನ್ ಮೊಬಿಲಿಟಿ ಕಾರ್ಡ್ ರೂಪೇ ಜಾಲವನ್ನು ಆಧರಿಸಿದೆ. ಇದನ್ನು ಬ್ಯಾಂಕುಗಳು ವಿತರಿಸುತ್ತವೆ. ಸಾರಿಗೆ ಸಂಸ್ಥೆ ಹಣ ಪಡೆಯುವ ವರ್ತಕನ ಸ್ಥಾನದಲ್ಲಿರುತ್ತದೆ. ಬೆಂಗಳೂರಿನ ನಮ್ಮ ಮೆಟ್ರೊದಲ್ಲಿಯೂ ಈ ಕಾರ್ಡ್ ಬಳಕೆಯಲ್ಲಿದೆ. ಇಲ್ಲಿ ತೀರುವಳಿಯ ಹೊಣೆ ಬ್ಯಾಂಕಿಂಗ್ ಜಾಲದ್ದಾದರೂ ದ್ವಾರಗಳ ಮತ್ತು ಯಂತ್ರಗಳ ವೆಚ್ಚದ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಸಾಮೂಹಿಕ ಕೂಪನ್, ಸಮಾನ ಪಾವತಿ ಜಾಲ ಮುಂತಾದ ಯಾವುದೇ ಕೂಟಕ್ಕೆ ಸೇರುವ ಮುನ್ನ ನಮ್ಮ ಸದಸ್ಯರು ನಾಲ್ಕು ಅಂಶಗಳನ್ನು ಲಿಖಿತ ಒಪ್ಪಂದದಲ್ಲಿ ಖಚಿತಪಡಿಸಿಕೊಳ್ಳುವುದು ಉಚಿತ: ಮುಂಗಡ ಹಣ ಯಾರ ಬಳಿ ಇರುತ್ತದೆ, ತೀರುವಳಿ ಎಷ್ಟು ದಿನಗಳಲ್ಲಿ ಆಗುತ್ತದೆ, ವಸೂಲಾಗದ ಉದ್ರಿಯ ನಷ್ಟ ಯಾರದು, ಯಂತ್ರಗಳನ್ನು ಬದಲಿಸುವ ಕಾಲ ಬಂದಾಗ ವೆಚ್ಚ ಯಾರದು. ಕೊನೆಯ ಪ್ರಶ್ನೆಯನ್ನು ಆರಂಭದ ಉತ್ಸಾಹದಲ್ಲಿ ಮರೆಯುವುದೇ ಹೆಚ್ಚು; ಸಣ್ಣ ಪಾಲುದಾರರು ಅದನ್ನೇ ಮೊದಲು ಕೇಳುವುದು ಒಳಿತು.